ಲಿಫ್ಟಣ್ಣನ ಆಟದ ಪೆಟ್ಟಿಗೆ

ನಮ್ಮ ಬೀದಿಯವರೆಲ್ಲ ನನ್ನ ಯಜಮಾನರನ್ನು ಲಿಫ್ಟಣ್ಣ ಅಂತಲೇ ಕರೆಯುವುದು. ಮೂವತ್ತು ವರ್ಷದಿಂದ ಲಿಫ್ಟ್ ರಿಪೇರಿ ಮಾಡುತ್ತಿದ್ದಾರೆ. ನಾವಿರುವುದು ಮಾತ್ರ ನೆಲಮಹಡಿಯಲ್ಲಿ. ಮನೆಗೆ ಬಂದ ಮೇಲೂ ಅದರ ಮುಖ ನೋಡಬೇಕಾ ಅನ್ನುತ್ತಾರೆ. ಕೆಲಸದಲ್ಲಿ ಅವರದೊಂದು ಕಟ್ಟುನಿಟ್ಟಿದೆ. ರಿಪೇರಿ ಮುಗಿದ ಮೇಲೆ ಮೇನ್ ಸ್ವಿಚ್ ಆರಿಸಿ, ನೂರು ಎಣಿಸಿ, ಮತ್ತೆ ಹಾಕುತ್ತಾರೆ. ಕರೆಂಟ್ ಹೋಗಿ ಬಂದ ಮೇಲೂ ತಾನು ಯಾವ ಮಹಡಿಯಲ್ಲಿದ್ದೇನೆ ಅಂತ ಲಿಫ್ಟಿಗೆ ನೆನಪಿದ್ದರೆ ಮಾತ್ರ ಕೆಲಸ ಮುಗಿದ ಹಾಗೆ. ಇಲ್ಲದಿದ್ದರೆ ಎಲ್ಲ ಮತ್ತೆ ಬಿಚ್ಚುತ್ತಾರೆ. ಮೆಟ್ಟಿಲು ಹತ್ತಿ ಹತ್ತಿ ಸುಸ್ತಾದ ಕಟ್ಟಡದವರು ಎಷ್ಟು ಬೈದರೂ ಜಪ್ಪಯ್ಯ ಅನ್ನುವುದಿಲ್ಲ.

ಇವರಿಗಿರುವುದು ಒಬ್ಬರೇ ಅಕ್ಕ, ನನ್ನ ಅತ್ತಿಗೆ. ಇಪ್ಪತ್ತೆರಡು ವರ್ಷ ಶಾಲೆಯ ವ್ಯಾನ್ ಓಡಿಸಿದವರು. ಕರೆಂಟ್ ಹೋದಾಗಲೆಲ್ಲ ಅವರು "ನೋಡು, ನನ್ನ ತಮ್ಮ ಬಂದ" ಅನ್ನುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನು ನಿಜವಾಗಿಯೂ ಬಾಗಿಲು ತೆಗೆಯಲು ಎದ್ದಿದ್ದೆ. ಆಗ ನಗುತ್ತ ಕೂರಿಸಿಕೊಂಡು ಕಥೆ ಹೇಳಿದರು.

ಆಗ ಅತ್ತಿಗೆಗೆ ಹದಿನಾಲ್ಕು, ಇವರಿಗೆ ಹತ್ತು. ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಆಳೆತ್ತರದ ಎರಡು ವಿಡಿಯೋ ಗೇಮ್ ಪೆಟ್ಟಿಗೆಗಳಿದ್ದವು. ಒಂದರ ಪರದೆ ಅಡ್ಡಕ್ಕೆ, ಅದರಲ್ಲಿ ಗುದ್ದಾಟದ ಆಟ. ಇನ್ನೊಂದರ ಪರದೆ ಉದ್ದಕ್ಕೆ ನಿಂತಿತ್ತು, ಅದರಲ್ಲಿ ವಿಮಾನದ ಆಟ. ನಮ್ಮ ವಿಮಾನ ಕೆಳಗೆ, ಶತ್ರುಗಳು ಬರುವುದು ಮೇಲಿಂದ. ಅತ್ತಿಗೆ ಅದರಲ್ಲಿ ಎತ್ತಿದ ಕೈ. ಒಂದು ದಿನ ಎಲ್ಲರನ್ನೂ ಹಿಂದೆ ಹಾಕಿ ಪಟ್ಟಿಯ ತುದಿಗೇರಿದರು. ಅಲ್ಲಿ ಹೆಸರಿನ ಮೂರು ಅಕ್ಷರ ಒತ್ತಬೇಕು. ಎರಡು ಒತ್ತಿಯಾಗಿತ್ತು. "ನಂಗೂ ಒಂದ್ಸಲ ಬಿಡು" ಅಂತ ಒಂದು ಗಂಟೆಯಿಂದ ರಾಗ ಎಳೆಯುತ್ತಿದ್ದ ತಮ್ಮ ಸಿಟ್ಟಿನಲ್ಲಿ ಪೆಟ್ಟಿಗೆಯ ಹಿಂದೆ ಹೋಗಿ ಪ್ಲಗ್ ಕಿತ್ತುಬಿಟ್ಟ. ಆ ಕಾಲದ ಪೆಟ್ಟಿಗೆಗೆ ಕರೆಂಟ್ ಹೋದರೆ ಏನೂ ನೆನಪಿರುತ್ತಿರಲಿಲ್ಲ. ಮತ್ತೆ ಹಾಕಿದಾಗ ಅಂಕವೂ ಇಲ್ಲ, ಅಕ್ಷರವೂ ಇಲ್ಲ. ಮುಂದಿನ ತಿಂಗಳು ಆ ಅಂಗಡಿಯೇ ಮುಚ್ಚಿತು. ಅತ್ತಿಗೆ ಅದನ್ನು ತಮಾಷೆ ಮಾಡಿಕೊಂಡರು. ಇವರು ಮೂವತ್ತೆಂಟು ವರ್ಷದಲ್ಲಿ ಆ ತಮಾಷೆಗೆ ಒಂದು ಸಲವೂ ನಕ್ಕಿರಲಿಲ್ಲ. ತಪ್ಪಾಯ್ತು ಅಂತಲೂ ಅಂದಿರಲಿಲ್ಲ.

ಹೋದ ವರ್ಷ ಅತ್ತಿಗೆ ಖಾಲಿ ವ್ಯಾನನ್ನು ಶಾಲೆಯ ಗೇಟಿನ ಕಂಬಕ್ಕೆ ಉಜ್ಜಿದರು. ದಿನಕ್ಕೆ ನಾಲ್ಕು ಸಲ ದಾಟುತ್ತಿದ್ದ ಕಂಬ ಅದು. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಎರಡೂ ಪಕ್ಕದ ನೋಟ ಹೋಗುತ್ತಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಔಷಧಿ ಹನಿ ಹಾಕಿ ಎಷ್ಟು ದಿನ ಕಾಪಾಡಬಹುದೋ ನೋಡೋಣ ಅಂದರು. ಅತ್ತಿಗೆ ಮರುದಿನವೇ ವ್ಯಾನಿನ ಕೀ ಒಪ್ಪಿಸಿ ಬಂದರು.

"ಬೇರೆಯವರ ಮಕ್ಕಳು ಕಣಮ್ಮ. ಇನ್ನೊಂದು ದಿನ ನೋಡೋಣ ಅನ್ನೋ ಹಾಗಿಲ್ಲ" ಅಂದರು ನನಗೆ.

ಅವತ್ತು ಸಂಜೆ ಇವರು ಊಟದ ತಟ್ಟೆ ಮುಂದಿಟ್ಟುಕೊಂಡು, "ಅಕ್ಕನ ಕೈಲಿ ಆ ವಿಮಾನದ ಆಟ ಇನ್ನೊಂದ್ಸಲ ಆಡಿಸ್ಬೇಕು. ಕಣ್ಣಿರೋವಾಗ್ಲೇ" ಅಂದರು.

"ಫೋನಲ್ಲೇ ಸಿಗುತ್ತಲ್ರೀ."

"ಫೋನಲ್ಲಿ ಉಜ್ಜೋದು ಆಟ ಅಲ್ಲ. ನಿಂತ್ಕೊಂಡು, ಹ್ಯಾಂಡಲ್ ಹಿಡ್ಕೊಂಡು ಆಡ್ಬೇಕು. ಪೆಟ್ಟಿಗೆ ನಾನೇ ಮಾಡ್ತೀನಿ. ಗುದ್ದಾಟದ ಆಟನೂ ಇರ್ಲಿ. ಎರಡು ಪೆಟ್ಟಿಗೆಗೆ ಜಾಗ ಇಲ್ಲ, ಪರದೆನೇ ತಿರುಗೋ ಹಾಗೆ ಮಾಡಿದ್ರಾಯ್ತು."

"ಗುದ್ದಾಟದ ಆಟ ಯಾರಿಗೆ?"

"ಅವತ್ತು ನನ್ನ ಸರದಿ ಬರ್ಲೇ ಇಲ್ಲ" ಅಂದರು, ನಲವತ್ತೆಂಟು ವರ್ಷದ ಗಂಡಸು.

ಒಂದು ತಿಂಗಳ ಕೆಲಸ ಅಂದಿದ್ದರು. ಯಾವುದೋ ಕಚೇರಿಯವರು ಎಸೆದ ಕಂಪ್ಯೂಟರ್ ಪರದೆ ಬಂತು. ಅದನ್ನು ತಿರುಗಿಸಲು ಹಳೆಯ ಲಿಫ್ಟಿನ ಬಾಗಿಲು ತೆರೆಯುತ್ತಿದ್ದ ಮೋಟಾರು ಬಂತು. ಹಳೆಯ ಆಟಗಳನ್ನು ತುಂಬಿದ ಅಂಗೈಯಗಲದ ಕಂಪ್ಯೂಟರ್ ಬಂತು. ಅಂಕ, ಹೆಸರು ಅಳಿಸಿಹೋಗದಂತೆ ಅದರಲ್ಲಿ ಏರ್ಪಾಡು ಮಾಡುವುದಕ್ಕೇ ಮೂರು ವಾರ ತಲೆ ಕೆಡಿಸಿಕೊಂಡರು. ಪ್ಲೈವುಡ್ ಹಾಳೆಗಳು ಬಂದು ನಮ್ಮ ಮಂಚಕ್ಕೆ ಒರಗಿದವು. ಬಟ್ಟೆ ಬೀರುವಿನ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು, ಅರ್ಧದಲ್ಲಿ ಸಿಕ್ಕಿದ ಸೀರೆಯನ್ನೇ ಉಟ್ಟು ನಾನು ಅಂಗಡಿಗೆ ಹೋಗುತ್ತಿದ್ದೆ.

ಅಳತೆ ನನ್ನದು. ನನಗೆ ಫೋಟೋ ಫ್ರೇಮಿನ ಅಂಗಡಿಯಿದೆ, ಅಳತೆ ವಿಷಯದಲ್ಲಿ ನನ್ನ ಮಾತೇ ಕೊನೆ. ಪರದೆ ಐವತ್ತಾರು ಸೆಂಟಿಮೀಟರ್ ಉದ್ದ, ಮೂವತ್ತನಾಲ್ಕು ಅಗಲ. ಪೆಟ್ಟಿಗೆಯ ಒಳಗೆ ಅರವತ್ತು ಬಿಟ್ಟರೆ ಅಡ್ಡಕ್ಕೂ ಕೂರುತ್ತದೆ, ಉದ್ದಕ್ಕೂ ಕೂರುತ್ತದೆ ಅಂದೆ. ಎರಡು ರೀತಿಯಲ್ಲೂ ಇಟ್ಟು ನೋಡಿದೆವು. ಸರಿಯಾಗಿ ಕೂತಿತು. ಅಂಟು ಹಾಕಿ, ಸ್ಕ್ರೂ ಬಿಗಿದು, ಬಣ್ಣ ಹೊಡೆದು ಗುಂಡಿ ಒತ್ತಿದರೆ ಪರದೆ ತುಸು ವಾಲಿ ಕಟಕ್ ಅಂತ ನಿಂತುಬಿಟ್ಟಿತು. ಎದುರುಬದುರಿನ ಎರಡು ಮೂಲೆಗಳು ಎರಡು ಬದಿಯ ಹಲಗೆಗೆ ಸಿಕ್ಕಿಕೊಂಡಿದ್ದವು. ಮೂಲೆಯಿಂದ ಮೂಲೆಗೆ ಅರವತ್ತೈದೂವರೆ!

ನಾಚಿಕೆಗೇಡು ಅಂದರೆ, ದಿನಾ ಅಂಗಡಿಯಲ್ಲಿ ಪ್ರತಿ ಫ್ರೇಮನ್ನೂ ನಾನು, ಸೊಟ್ಟ ಇಲ್ಲ ತಾನೇ ಅಂತ, ಮೂಲೆಯಿಂದ ಮೂಲೆಗೆ ಅಳೆದೇ ಕೊಡುವುದು. ಆದರೆ ನನ್ನ ಫ್ರೇಮುಗಳು ಗೋಡೆಯ ಮೇಲೆ ತಿರುಗುವುದಿಲ್ಲ, ಇವರ ಲಿಫ್ಟುಗಳು ಮೇಲೆ ಕೆಳಗೆ ಬಿಟ್ಟು ಬೇರೆ ಕಡೆ ಹೋಗುವುದಿಲ್ಲ. ಓರೆಯಾದಾಗ ಏನಾಗುತ್ತದೆ ಅಂತ ಇಬ್ಬರ ತಲೆಗೂ ಹೊಳೆಯಲಿಲ್ಲ.

ಎರಡು ದಿನ ನಾವು ಮಾತು ಬಿಟ್ಟೆವು. ಆ ವಾರವೇ ಅತ್ತಿಗೆ ಎರಡನೇ ಸಲ ಕಣ್ಣಿನ ಪರೀಕ್ಷೆಗೆ ಹೋಗಿ ಬಂದರು. ನೋಟ ಇನ್ನೂ ಸ್ವಲ್ಪ ಕಿರಿದಾಗಿತ್ತು. ನನಗೆ ಅಳುವೇ ಬಂತು. ನನ್ನ ಅಳತೆಯಿಂದ ಅವರ ದಿನಗಳು ಹೋಗುತ್ತಿವೆ ಅನ್ನಿಸಿತು. ಇವರು ಗರಗಸ ತಂದು, ಎರಡೂ ಬದಿಯ ಹಲಗೆಯಲ್ಲಿ ಸೀಳು ಕೊರೆದರು. ತಿರುಗುವಾಗ ಮೂಲೆಗಳು ಅದರಲ್ಲಿ ಹೊರಗೆ ಬಂದು ಒಳಗೆ ಹೋಗಬೇಕು. ಯಾರ ಬೆರಳೂ ಸಿಕ್ಕದಿರಲಿ ಅಂತ ಹೊರಗಿನಿಂದ ಎರಡು ಪುಟ್ಟ ಗೂಡು ಬಡಿದರು. ಇಷ್ಟೆಲ್ಲ ಆಗುವಾಗ ಐದು ತಿಂಗಳು ಕಳೆದಿತ್ತು.

ಒಂದು ಭಾನುವಾರ ಮಧ್ಯಾಹ್ನ ಅತ್ತಿಗೆ ಬಂದರು. ಪೆಟ್ಟಿಗೆಯನ್ನು ಸವರಿ ನೋಡಿ, "ಇದೇನೋ, ಕಿವಿ ಬಂದಿದೆ ಇದಕ್ಕೆ?" ಅಂದರು.

"ನಿನ್ನ ತಮ್ಮನ ಹೆಂಡತಿಯ ಅಳತೆ" ಅಂದರು ಇವರು.

ಪರದೆ ಅಡ್ಡಕ್ಕಿತ್ತು. ಮೊದಲು ಗುದ್ದಾಟವೇ ಆಗಲಿ ಅಂತ ಅಕ್ಕ ತಮ್ಮ ಅಕ್ಕಪಕ್ಕ ನಿಂತರು. ಇವರ ಮನುಷ್ಯ ಪರದೆಯ ಅಂಚಿನಿಂದ ನುಗ್ಗಿದಾಗಲೆಲ್ಲ ಅತ್ತಿಗೆ, "ಎಲ್ಲಿದ್ದ ಇವನು? ಎಲ್ಲಿಂದ ಬಂದ?" ಅನ್ನುತ್ತ ಕತ್ತು ಆ ಕಡೆ ಈ ಕಡೆ ತಿರುಗಿಸುತ್ತಿದ್ದರು. ನಾಲ್ಕನೇ ಸಲ ಇವರು ಆಟದಿಂದ ಕೈ ತೆಗೆದು ಅಕ್ಕನ ಮುಖವನ್ನೇ ನೋಡುತ್ತ ನಿಂತರು. ಎಷ್ಟು ಹೋಗಿದೆ ಅಂತ ನಮ್ಮಿಬ್ಬರಿಗೂ ಗೊತ್ತಾದದ್ದು ಆವಾಗಲೇ.

ಇವರು ಗುಂಡಿ ಒತ್ತಿದರು. ಪರದೆ ನಿಧಾನವಾಗಿ ತಿರುಗತೊಡಗಿತು. ಹನ್ನೊಂದು ಸೆಕೆಂಡು, ಲಿಫ್ಟಿನವನ ಕೈಕೆಲಸ, ಜರ್ಕ್ ಹೊಡೆಯುವ ಮಾತೇ ಇಲ್ಲ. ಮೂಲೆಗಳು ಕಿವಿಯೊಳಗೆ ಹೋಗಿ ಬಂದವು. ಕೊನೆಗೆ ಮಹಡಿ ಬಂದಾಗಿನ ಗಂಟೆ ಟಿಂಗ್ ಅಂದಿತು. ಅದನ್ನೂ ಹಾಕಿದ್ದರು ಪುಣ್ಯಾತ್ಮರು! ಅತ್ತಿಗೆ ಕಿರಿದಾಗಿ ನಿಂತ ಪರದೆಯನ್ನು ನೋಡಿ, ಅರ್ಧ ಹೆಜ್ಜೆ ಹಿಂದೆ ಸರಿದು, ಕೈ ಚಾಚಿ ಹ್ಯಾಂಡಲ್ ಹಿಡಿದರು.

"ಇದು ಅಂಚಿಂದ ಅಂಚಿಗೆ ಕಾಣ್ತಿದೆ ಕಣೋ" ಅಂದರು.

ಆ ದಿನ ಎರಡೇ ನಿಮಿಷದಲ್ಲಿ ಸೋತರು. ಮುಂದಿನ ಭಾನುವಾರವೂ ಸೋತರು. ಮೂರನೇ ಭಾನುವಾರ ಅರ್ಧ ಗಂಟೆ ತುಟಿ ಕಚ್ಚಿ ಆಡಿ, ಪಟ್ಟಿಯ ತುದಿಗೆ ಬಂದರು. ಒಂದಕ್ಷರ ಒತ್ತಿದರು. ಎರಡನೆಯದು ಒತ್ತಿದರು. ಇವರು ಪೆಟ್ಟಿಗೆಯಿಂದ ದೂರ, ಗೋಡೆಗೆ ಆತುಕೊಂಡು ಕೈಕಟ್ಟಿ ನಿಂತಿದ್ದರು. ಮೂರನೆಯದೂ ಬಿತ್ತು.

ನಾನು ಚಪ್ಪಾಳೆ ತಟ್ಟಿದೆ. ಅತ್ತಿಗೆ ತಿರುಗಿ, "ಈಗ ಪ್ಲಗ್ ಕೀಳೋ" ಅಂದರು.

"ಯಾಕಕ್ಕ?"

"ಕರೆಂಟ್ ಹೋಗಿ ಬಂದ್ಮೇಲೂ ನೆನಪಿದ್ರೆ ತಾನೇ ಕೆಲಸ ಮುಗಿದ ಹಾಗೆ? ಊರಿಗೆಲ್ಲ ಹೇಳ್ಕೊಂಡು ತಿರುಗ್ತೀಯಲ್ಲ."

"ನಾನು ಹತ್ತು ಸಲ ಕಿತ್ತು ನೋಡಿದೀನಿ. ಉಳಿಯುತ್ತೆ."

"ಆಗ ಅದರಲ್ಲಿದ್ದದ್ದು ನನ್ನ ಹೆಸರಲ್ಲ. ಕೀಳು."

ಇವರು ಪೆಟ್ಟಿಗೆಯ ಹಿಂದೆ ಹೋದರು. ಬಗ್ಗಿ ಪ್ಲಗ್ ಹಿಡಿದರು. ಬಿಟ್ಟು ಎದ್ದು ನಿಂತು, "ನನ್ನ ಕೈಲಾಗಲ್ಲ ಅಕ್ಕ. ಒಂದ್ಸಲ ಕಿತ್ತಿದ್ದೇ ಸಾಕು. ತಪ್ಪಾಯ್ತು" ಅಂದರು.

ಅತ್ತಿಗೆ ಗೋಡೆ ಸವರುತ್ತ, ವೈರಿನ ಜಾಡು ಹಿಡಿದು ಹೋಗಿ, ತಾವೇ ಪ್ಲಗ್ ಕಿತ್ತರು. ಪರದೆ ಕಪ್ಪಾಯಿತು. ಜೋರಾಗಿ ಒಂದರಿಂದ ನೂರರವರೆಗೆ ಎಣಿಸಿದರು, ಒಂದನ್ನೂ ಬಿಡದೆ. ಮತ್ತೆ ಚುಚ್ಚಿದರು. ಪೆಟ್ಟಿಗೆ ಗುರ್ ಅಂದು ಎದ್ದು, ವಿಮಾನ ತೋರಿಸಿ, ಪಟ್ಟಿ ತೋರಿಸಿತು. ಎಲ್ಲಕ್ಕಿಂತ ಮೇಲೆ ಆ ಮೂರು ಅಕ್ಷರ ಇದ್ದವು.

ಅತ್ತಿಗೆ ಎದುರಿಗೆ ಬಂದು ನಿಂತು ಬಹಳ ಹೊತ್ತು ನೋಡಿದರು.

"ಸರಿ ಬಿಡು. ಇನ್ಮೇಲೆ ಕರೆಂಟ್ ಹೋದ್ರೆ ನಿನ್ನ ಹೆಸರು ಹೇಳಲ್ಲ" ಅಂದರು.

ಇವರು ಮೋಟಾರಿಗೆ ಎಣ್ಣೆ ಬಿಡಬೇಕು ಅಂತ ಪೆಟ್ಟಿಗೆಯ ಹಿಂದೆ ಕೂತವರು, ಟೀ ಆರಿಹೋದರೂ ಈಚೆಗೆ ಬರಲಿಲ್ಲ.