ಎದುರು ನಿಂತು ಓದುವವಳು

ರಾಮದುರ್ಗದಲ್ಲಿ ನಾನು ಬರೆದ ಅಂಗಡಿ ಬೋರ್ಡುಗಳು ಇನ್ನೂ ನಾಲ್ಕಾರು ಉಳಿದಿವೆ. ಸುರೇಬಾನದ ಬಸ್ಸು ಎಷ್ಟೇ ಜೋರಾಗಿ ಹೋಗಲಿ, ಕಿಟಕಿಯಲ್ಲಿ ಕುಂತವರು ಓದಬಹುದು. ಆ ಜಂಬ ನನಗೆ ಇವತ್ತಿಗೂ ಇದೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಅಕ್ಷರ ಕೈಗೆ ಹತ್ತಿದ್ದು ಬ್ರಶ್ಶಿನಿಂದ.

ಬೋರ್ಡು ಮುಗಿದ ಮೇಲೆ ಹೆಂಡತಿಯನ್ನು ಕರೆತರುವುದು ನನ್ನ ಪದ್ಧತಿಯಾಗಿತ್ತು. ಅವಳು ರಸ್ತೆಯ ಆಚೆ ನಿಂತು ಗಟ್ಟಿಯಾಗಿ ಓದಬೇಕು. ಎಲ್ಲಿ ತಡವರಿಸಿದಳೋ ಅಲ್ಲಿ ನಾನು ಚಿಮಣಿ ಎಣ್ಣೆಯ ಅರಿವೆ ಹಿಡಿದು ಅಳಿಸಿದೆ ಅಂತಲೇ ತಿಳಿಯಿರಿ. "ಬರದವ್ರ ಕಣ್ಣಿಗೆ ಎಲ್ಲಾ ಚಂದಾನ ಕಾಣ್ತೈತ್ರಿ," ಅನ್ನುವಳು. ಚಹಾದ ಅಂಗಡಿಯ ಮಂದಿ, "ನೋಡ್ರಪಾ, ಮನಿಯಾಕಿ ಪರೀಕ್ಷಾ ತಗೊಳ್ಳಾಕ ಬಂದ್ಲು!" ಎಂದು ನಗುತ್ತಿದ್ದರು.

ಫ್ಲೆಕ್ಸ್ ಬಂತು, ಬ್ರಶ್ಶು ಒಣಗಿತು. ಯಾರ ಮುಂದೆಯೂ ಕೈಕಟ್ಟಿ ನಿಲ್ಲದೆ ಕಂಪ್ಯೂಟರ್ ಕಲಿತೆ, ಅಂಗಡಿಗಳಿಗೆ ವೆಬ್ ಪುಟ ಮಾಡತೊಡಗಿದೆ. ಅದೇ ಹೊತ್ತಿಗೆ ಸಕ್ಕರೆ ರೋಗ ಅವಳ ಕಣ್ಣು ತಿಂದಿತು. ಮೊದಲು ಒಂದು, ಆಮೇಲೆ ಇನ್ನೊಂದು.

ಹೊಸ್ತಿಲ ಹತ್ತಿರ ಕುಂತು ಕೈಯಿಂದಲೇ ಜೋಳದಲ್ಲಿನ ಹರಳು ಆರಿಸುತ್ತ ಒಂದು ದಿನ ಕೇಳಿದಳು: "ಈಗ ಎದುರಿಗೆ ಯಾರ್ ನಿಂತು ಓದತಾರ್ರಿ?"

"ಯಾರೂ ಇಲ್ಲ."

"ಹಂಗಾದ್ರ ನಂದ ಕೆಲಸಾ ಹೋತಲ್ಲ."

ಪರದೆ ಮೇಲಿದ್ದುದನ್ನು ಓದಿ ಹೇಳುವ ದನಿ ಫೋನಿನಲ್ಲಿರುತ್ತದೆ. ಅದನ್ನು ಚಾಲೂ ಮಾಡಿ ಅವಳ ಕೈಗೆ ಕೊಟ್ಟೆ. ರಾಮದುರ್ಗದ ಒಂದು ಬೀಜದ ಅಂಗಡಿಯ ಪುಟ ಅದು. ಬೀಜದ ಹೆಸರೆಲ್ಲ ದಪ್ಪ ಅಕ್ಷರ, ಖಾಲಿಯಾದದ್ದೆಲ್ಲ ಕೆಂಪು, ಲಿಂಕುಗಳಿಗೆ ನೀಲಿ ಬಣ್ಣ, ಕೆಳಗೆ ಗೆರೆ. ಅವಳು ಬೆರಳು ಸರಿಸಿದಂತೆ ದನಿ ಲಿಂಕಿನಿಂದ ಲಿಂಕಿಗೆ ಹಾರಿತು: "ಇಲ್ಲಿ ಒತ್ತಿ. ಇಲ್ಲಿ ಒತ್ತಿ. ಇಲ್ಲಿ ಒತ್ತಿ."

"ಏನ್ರೀ ಇದು, ಕಾಲು ಒತ್ತಿಸ್ಕೊಳ್ಳೋ ಮುದುಕನ ಗತೆ!" ಎಂದು ನಕ್ಕಳು.

"ಮ್ಯಾಲಿನ ಸಾಲು ಓದಿದ್ರ ತಿಳೀತೈತಿ."

"ನನ್ನ ಬೆರಳಿಗೆ ಬರೇ ಬಾಗಲಾ ಸಿಗ್ತಾವ್ರಿ. ಯಾವ ಬಾಗಲಾ ಯಾರ ಮನೀದು, ಹೆಂಗ ತಿಳೀಬೇಕು?"

ಆಮೇಲೆ ಬೀಜದ ಸಾಲುಗಳನ್ನು ಕೇಳಿದಳು. "ಹತ್ತೀ ಬೀಜಾ ಐತಿ ಹಂಗಾದ್ರ."

"ಇಲ್ಲ, ಖಲಾಸ್ ಆಗೇತಿ. ಕೆಂಪಗ ಮಾಡೇನಲ್ಲ."

ಅವಳು ಆ ಸಾಲನ್ನು ಬೆರಳಿನಿಂದ ಮತ್ತೊಮ್ಮೆ ಮುಟ್ಟಿದಳು. "ಕೆಂಪು ನನಗ ಕೇಳ್ಸೂದಿಲ್ರಿ."

"ಅಂಗಡಿಯವರು ಭಾಳ ಚಲೋ ಆಗೇತಿ ಅಂದಾರ," ಅಂದೆ.

"ಹಂಗಾದ್ರ ನನಗ ಓದಾಕ ಯಾಕ ಕೊಟ್ರಿ?" ಫೋನು ಕೆಳಗಿಟ್ಟು ಮೊರ ಎಳೆದುಕೊಂಡಳು.

ಅವತ್ತೇ ಅಳಿಸಲು ಕುಂತೆ. ಈ ಸಲ ಅರಿವೆ ಬೇಕಾಗಲಿಲ್ಲ. ಕೆಂಪು ಹೆಸರಿನ ಪಕ್ಕಕ್ಕೆ 'ಸದ್ಯ ಇಲ್ಲ' ಎಂದು ಬರೆದೆ. 'ಇಲ್ಲಿ ಒತ್ತಿ' ಎಲ್ಲ ತೆಗೆದು 'ಜೋಳದ ಬೀಜದ ದರ', 'ಅಂಗಡಿಗೆ ಬರುವ ದಾರಿ', 'ಅಂಗಡಿಗೆ ಫೋನ್ ಮಾಡಿ' ಎಂದು ಇಟ್ಟೆ. ಮತ್ತೆ ಕೊಟ್ಟೆ. ನನ್ನನ್ನು ಏನೂ ಕೇಳದೆ ಒಂದೊಂದೇ ಲಿಂಕು ದಾಟಿ, ಕೊನೆಯದನ್ನು ಒತ್ತಿಯೇ ಬಿಟ್ಟಳು. ಅಂಗಡಿಯವನು ಎತ್ತಿದ.

"ಯಾರ್ರಿ? ಏನ್ ಬೇಕಾಗಿತ್ರಿ?"

"ಏನೂ ಬ್ಯಾಡ್ರಿ ಅಣ್ಣಾರ. ನಿಮ್ಮ ಬೋರ್ಡ್ ಓದಾಕ ಹತ್ತೇನಿ."

ಕಣ್ಣು ಹೋದ ಮೇಲೆ ಅವಳ ಮುಖದಲ್ಲಿ ಆ ಕಳೆ ನೋಡಿದ್ದು ಅದೇ ಮೊದಲು. ಮುಂದೆ ನಾನು ಮಾಡಿದ ಪುಟವೆಲ್ಲ ಅವಳ ಬೆರಳಿನಡಿ ಹಾದೇ ಹೊರಗೆ ಹೋಯಿತು. ಆದರೆ ರೋಗ ಕಣ್ಣಿಗೇ ನಿಲ್ಲಲಿಲ್ಲ. ಹೋದ ಶ್ರಾವಣದಲ್ಲಿ ಅವಳು ತೀರಿಕೊಂಡಳು.

ಈಗ ಪುಟ ಮುಗಿದರೆ ಅದೇ ಫೋನು ಹಿಡಿದು ಹೊಸ್ತಿಲಲ್ಲಿ ಕುಂತು, ಕಣ್ಣು ಮುಚ್ಚಿ ಕೇಳುತ್ತೇನೆ. ಮೊನ್ನೆ ಬೈಲಹೊಂಗಲದ ಅರಿವೆ ಅಂಗಡಿಯ ಪುಟದಲ್ಲಿ ಬೇಕಂತಲೇ ಒಂದು 'ಇಲ್ಲಿ ಒತ್ತಿ' ಬಿಟ್ಟಿದ್ದೆ. ದನಿ ಅಲ್ಲಿ ತಡವರಿಸಲಿಲ್ಲ. ನಗಲೂ ಇಲ್ಲ. ಓದಿ ಮುಂದೆ ಹೋಯಿತು.