ಕುಲುಮೆಯ ಕಣ್ಣಿಗೆ ಇಟ್ಟ ಬೊಟ್ಟು

ಗಾಜು ಕರಗಿಸುವ ಕುಲುಮೆಯೊಳಗೆ ಇಣುಕುವ ಕ್ಯಾಮೆರಾ ಮಾಡುವುದು ಎಪ್ಪತ್ತರ ದಶಕದಲ್ಲಿ ನನ್ನ ಹೊಟ್ಟೆಪಾಡು. ನ್ಯೂಜೆರ್ಸಿಯ ನಮ್ಮ ಸಣ್ಣ ಕಂಪನಿ ಆಗಲೇ ಎರಡು ಕ್ಯಾಮೆರಾಗಳನ್ನು ಆ ಬೆಂಕಿಗೆ ಆಹುತಿ ಕೊಟ್ಟಿತ್ತು. ಕಾವಿಗೆ ಒಳಗಿನ ಚಿತ್ರ ಹಿಡಿಯುವ ಟ್ಯೂಬ್ ಸುಟ್ಟುಹೋಗಿ, ಹೊರಗಿನ ಟಿವಿ ಪರದೆಯ ಮೇಲೆ ಕಪ್ಪು ಕಲೆ ಮೂಡುತ್ತಿತ್ತು. ಮೂರನೆಯದಕ್ಕೆ ನಾನು ನೀರು ಹರಿಯುವ ಉಕ್ಕಿನ ಕವಚ ತೊಡಿಸಿದ್ದೆ. ಇದೂ ಸುಟ್ಟರೆ ಈ ಕೆಲಸವನ್ನೇ ಕೈಬಿಡುತ್ತೇನೆಂದು ಬಾಸ್ ಹೇಳಿಬಿಟ್ಟಿದ್ದರು. ಅವರು ಕೈಬಿಟ್ಟರೆ ನನ್ನ ನೌಕರಿಯೂ ಹೋದಂತೆಯೇ.

ಸೋಮವಾರ ಬೆಳಿಗ್ಗೆ ನೇರವಾಗಿ ಕಾರ್ಖಾನೆಗೆ ಒಯ್ಯಬೇಕಿದ್ದರಿಂದ ಅದನ್ನು ಮನೆಗೇ ತಂದಿದ್ದೆ. ಭಾನುವಾರ ಆಯುಧಪೂಜೆ. ನನ್ನವಳು ಕಾರಿಗೆ, ಬ್ಲೆಂಡರಿಗೆ, ಊರಿಂದ ಹೊತ್ತು ತಂದ ಈಳಿಗೆಮಣೆಗೆ ಅರಿಶಿನ ಕುಂಕುಮ ಹಚ್ಚಿದಳು. ಕ್ಯಾಮೆರಾದ ಪೂಜೆ ಮಾತ್ರ ನನ್ನದು. ಕುಂಕುಮ ಕಲಸಿ, ಅದರ ಮುಂದಿನ ಗಾಜಿನ ನಟ್ಟನಡುವೆ ದುಂಡಗೆ ಒಂದು ಬೊಟ್ಟು ಇಟ್ಟೆ.

“ರೀ, ಗಾಜಿಗೆ ಬೇಡಾರೀ! ಕಣ್ಣೊಳಗೆ ಯಾರಾದ್ರೂ ಕುಂಕುಮ ಇಡ್ತಾರಾ?”

“ನಿನ್ನ ಬ್ಲೆಂಡರ್ ನೀನು ನೋಡ್ಕೋ. ಇದನ್ನ ಡಿಸೈನ್ ಮಾಡಿದೋನು ನಾನು. ಹೊರಡೋ ಮುಂಚೆ ಒರೆಸ್ತೀನಿ.”

ಎಲ್ಲಿಯ ಒರೆಸುವುದು! ಬೆಳಿಗ್ಗೆ ಟರ್ನ್‌ಪೈಕ್ ಹೆದ್ದಾರಿಯ ಟ್ರಾಫಿಕ್ಕಿನ ಗಾಬರಿಯಲ್ಲಿ ಅದನ್ನು ಕಾರಿಗೆ ಹಾಕಿಕೊಂಡು ಹೊರಟೇಬಿಟ್ಟೆ.

ಕಾರ್ಖಾನೆಯಲ್ಲಿ ಕುಲುಮೆಯ ಗೋಡೆಯ ಕಿಂಡಿಗೆ ಕ್ಯಾಮೆರಾ ತೂರಿಸಿದೆವು. ಪರದೆಯ ಮೇಲೆ ಬೆಂಕಿ ಕಂಡಿತು, ಬೆಂಕಿಯ ನಡುವೆ ಕಪ್ಪು ಕಲೆಯೂ ಕಂಡಿತು. ಬಾಸ್ ಮುಖ ಸಪ್ಪಗಾಯಿತು. “ಮುಗೀತು ಬಿಡು,” ಎಂದರು.

ನನಗೆ ಎಲ್ಲಿಲ್ಲದ ಕೋಪ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಗೆ ನೀರಿನ ಪೈಪನ್ನು ಬೈದೆ, ಕರೆಂಟನ್ನು ಬೈದೆ, ಕುಲುಮೆ ನೋಡಿಕೊಳ್ಳುವ ಫೋರ್‌ಮನ್‌ನನ್ನೂ ಬಿಡಲಿಲ್ಲ. ಆತ ಕ್ಯಾಮೆರಾ ಹೊರಗೆಳೆದು, ಆರಲು ಬಿಟ್ಟು, ಗಾಜಿನ ಮೇಲೆ ಬೆರಳಾಡಿಸಿದ. ಬೆರಳು ಕೆಂಪಗಾಗಿತ್ತು. “ತುಕ್ಕಾ ಇದು?” ಎಂದು ಕೇಳಿದ.

ಅಯ್ಯೋ ದೇವರೇ! ಹೌದು, ತುಕ್ಕು ಎಂದುಬಿಡೋಣ ಅನ್ನಿಸಿತು. ಆದರೆ ಬಯ್ಯಿಸಿಕೊಂಡವನ ಮುಖ ನೋಡಿ ನಾಚಿಕೆಯಾಯಿತು. ನಿನ್ನೆ ಇದಕ್ಕೆ ಪೂಜೆ ಮಾಡಿದೆ, ಬೊಟ್ಟು ಒರೆಸಲು ಮರೆತೆ ಎಂದು ನಿಜವನ್ನೇ ಹೇಳಿ ಕ್ಷಮೆ ಕೇಳಿದೆ. ಬಾಸ್ ಒಂದು ಖಾಲಿ ಪೆಟ್ಟಿಗೆಯ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಕರ್ಚೀಫಿನಿಂದ ಗಾಜನ್ನು ತಿಕ್ಕಿ ತಿಕ್ಕಿ ಒರೆಸಿದೆ. ಮತ್ತೆ ತೂರಿಸಿದಾಗ ಕುಲುಮೆಯ ಒಂದೊಂದು ಇಟ್ಟಿಗೆಯೂ ಕಾಣುತ್ತಿತ್ತು. ಸಂಜೆಯವರೆಗೂ ಹಾಗೇ ಕಂಡಿತು. ನೌಕರಿ ಉಳಿಯಿತು.

ಮನೆ ಬಾಗಿಲಲ್ಲೇ ನನ್ನವಳು ಏನಾಯ್ತು ಎಂದಳು.

“ಫಸ್ಟ್ ಕ್ಲಾಸ್! ಇಡೀ ದಿನ ಎಲ್ಲೂ ಒಂದು ಕಲೆಯೂ ಇಲ್ಲ,” ಎಂದು ಬೀಗಿದೆ.

ಒಗೆಯಲು ಪ್ಯಾಂಟು ತೆಗೆದುಕೊಂಡವಳು ಜೇಬಿನಿಂದ ಕರ್ಚೀಫು ಎಳೆದಳು. ಬಿಡಿಸಿ, ನನ್ನ ಮೂಗಿನ ಮುಂದೆ ಹಿಡಿದಳು.

“ಎಲ್ಲೂ ಇಲ್ವಾ?”