ಹೂಂಗುಟ್ಟುವ ತರಗತಿ

ನ್ಯಾಮತಿಯ ಬಸ್ ನಿಲ್ದಾಣದಲ್ಲಿ ಇವತ್ತು ನನ್ನ ಪಕ್ಕ ಕೂತಿದ್ದವರೊಬ್ಬರು ಕಿವಿಗೆ ಫೋನ್ ಸಿಕ್ಕಿಸಿಕೊಂಡು "ಹೂಂ, ಹೂಂ" ಎನ್ನುತ್ತಲೇ ಸೀಬೆಹಣ್ಣು ಆರಿಸಿ, ಉಪ್ಪುಖಾರ ಹಚ್ಚಿಸಿಕೊಂಡು, ಅರ್ಧ ತಿಂದೂ ಮುಗಿಸಿದರು. ಆ ಕಡೆಯಿಂದ ಯಾರೋ ಹೆಂಗಸು ಒಂದೇ ಸಮನೆ ಏನೋ ಹೇಳುತ್ತಿದ್ದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ನಿಂತ ಬಸ್ಸುಗಳ ಮುಂದೆ ಸುಮ್ಮನೆ ಅಡ್ಡಾಡಿದೆ. ಆ ಹೂಂ ಕಿವಿಗೆ ಬಿದ್ದರೆ ನನಗೆ ಹೀಗೇ ಆಗುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ. ಹೂಂ ಅನ್ನಬೇಡಿ, ಅಷ್ಟೆ.

ಆಗ ನಾನು ನಲ್ಲೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಮಕ್ಕಳಿಗೆ ಚರ್ಚೆ ಕಲಿಸಬೇಕು, ಒಬ್ಬರು ಮಾತಾಡುವಾಗ ಉಳಿದವರು ಗಮನವಿಟ್ಟು ಕೇಳಬೇಕು, ಕೇಳುತ್ತಿದ್ದೇವೆಂದು ತಲೆಯಾಡಿಸಿ ತೋರಿಸಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ತಲೆಯಾಡಿಸುವುದು ನನಗೆ ಸಪ್ಪೆ ಅನಿಸಿತು. ನಮ್ಮಲ್ಲಿ ಅಜ್ಜಿ ಕತೆ ಹೇಳುವಾಗ ಹೂಂಗುಟ್ಟದಿದ್ದರೆ ಕತೆ ಮುಂದಕ್ಕೇ ಹೋಗುವುದಿಲ್ಲವಲ್ಲ, ಅದನ್ನೇ ತರಗತಿಗೆ ತಂದೆ. ಬೆಂಚುಗಳನ್ನು ದುಂಡಗೆ ಹಾಕಿಸಿ, ಮಾತಿಗೊಂದು ಹೂಂ ಹೇಳಿ ಎಂದೆ. ಕೆಲವೇ ದಿನಗಳಲ್ಲಿ ತರಗತಿ ಜೇನುಗೂಡಿನ ಹಾಗೆ ಗುಂಯ್‌ಗುಟ್ಟತೊಡಗಿತು. ಹೆಡ್‌ಮಾಸ್ಟರು ಕಿಟಕಿಯಲ್ಲಿ ಇಣುಕಿ ಮೆಚ್ಚಿಕೊಂಡರು, ನಾನು ಉಬ್ಬಿಹೋದೆ. ಶಬಾನಾ ಎಂಬ ಹುಡುಗಿ ಮಾತ್ರ ಬಾಯಿ ಬಿಡದೆ ಮಾತಾಡುವವರ ಮುಖವನ್ನೇ ನೋಡುತ್ತ ಕೂರುತ್ತಿದ್ದಳು. ಅವಳಿಗೆ ದಿನಾ ನನ್ನಿಂದ ಬೈಗುಳ.

ಒಂದು ದಿನ ಹತ್ತನೇ ತರಗತಿಯಲ್ಲಿ ಊರಿಗೆ ಏನು ಬೇಕು ಎಂಬ ಚರ್ಚೆ. ಕವಿತಾ ಎಂಬ ಹುಡುಗಿ ಎದ್ದಳು. ಬೀದಿ ದೀಪ ಬೇಕು ಎಂದಳು, ಹೂಂ. ಬೆಳಿಗ್ಗೆ ಇನ್ನೊಂದು ಬಸ್ಸು ಬೇಕು ಎಂದಳು, ಹೂಂ. ಅದೇ ದನಿಯಲ್ಲಿ, ಅಕ್ಕ ಬಾಣಂತನಕ್ಕೆ ಬಂದಿದ್ದಾಳೆ, ಅವ್ವ ಕೂಲಿಗೆ ಹೋಗಬೇಕು, ನಾಳೆಯಿಂದ ನಾನು ಶಾಲೆಗೆ ಬರುವುದಿಲ್ಲ ಎಂದಳು. ಇಡೀ ತರಗತಿ ಹೂಂ ಎಂದಿತು. ನಾನೂ ಹೂಂ ಎಂದು, ಮುಂದಿನವರು ಏಳಿ ಎಂದೆ.

ಶಬಾನಾ ಎದ್ದು ನಿಂತಳು. "ಸಾರ್, ಅವಳು ನಾಳೆಯಿಂದ ಬರಲ್ಲ ಅಂದ್ಲು."

ಗುಂಯ್‌ಗುಡುವುದು ನಿಂತಿತು. ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ನನ್ನ ಬಾಯಿ ಜೋರಾಗುತ್ತದೆ. ಪರೀಕ್ಷೆ ಹತ್ತಿರ ಬಂತು, ಇದೇನು ಹುಡುಗಾಟವೇ, ಇವತ್ತೇ ನಿಮ್ಮ ಮನೆಗೆ ಬರುತ್ತೇನೆ ಎಂದು ಭಾಷಣ ಶುರುಮಾಡಿದೆ. ಕವಿತಾ ತಲೆ ತಗ್ಗಿಸಿ ಕೂರಲು ಹೊರಟಳು.

"ಅವಳ್ದು ಇನ್ನೂ ಮುಗ್ದಿಲ್ಲ ಸಾರ್," ಎಂದಳು ಶಬಾನಾ.

ಸುಮ್ಮನಾದೆ. ಸುಮ್ಮನಿರುವುದು ನನ್ನ ಜಾಯಮಾನವಲ್ಲ, ಕೈಯಲ್ಲಿದ್ದ ಸೀಮೆಸುಣ್ಣ ಪುಡಿಪುಡಿಯಾಯಿತು. ಬಹಳ ಹೊತ್ತಾದ ಮೇಲೆ ಕವಿತಾ ಬಾಯಿಬಿಟ್ಟಳು. "ಕೂಸಿಗೆ ನೀರು ಹಾಕಿ, ಅಡಿಗೆ ಮಾಡಿಟ್ಟು ಮಧ್ಯಾಹ್ನ ಬಂದ್ರೆ ಒಳಗೆ ಕೂರಾಕೆ ಬಿಡ್ತೀರಾ ಸಾರ್? ಹೆಂಗೆ ಕೇಳಬೇಕು ಅಂತ ಗೊತ್ತಾಗ್ಲಿಲ್ಲ."

ಇಷ್ಟೇ. ನನ್ನ ಭಾಷಣ ಮುಂದುವರಿದಿದ್ದರೆ ಈ ಪ್ರಶ್ನೆ ಅವಳ ಜೊತೆಗೇ ಮನೆಗೆ ಹೋಗಿಬಿಡುತ್ತಿತ್ತು. ಹೆಡ್‌ಮಾಸ್ಟರನ್ನು ಒಪ್ಪಿಸಿ ಗಣಿತ, ವಿಜ್ಞಾನವನ್ನು ಮಧ್ಯಾಹ್ನಕ್ಕೆ ಹಾಕಿಸಿದೆ. ಬಾಣಂತನ ಮುಗಿಯುವವರೆಗೂ ಅವಳು ಅರ್ಧ ದಿನ ಬಂದಳು, ಪಾಸೂ ಆದಳು. ಅಂದಿನಿಂದ ನನ್ನ ತರಗತಿಯಲ್ಲಿ ಹೂಂ ಬಂದ್. ತಮಗಿಂತ ಮುಂಚೆ ಮಾತಾಡಿದವರು ಹೇಳಿದ್ದನ್ನು ಮೊದಲು ಹೇಳಿ ತೋರಿಸಬೇಕು, ಅವರು ಹೌದು ಎಂದ ಮೇಲೆಯೇ ತಮ್ಮ ಮಾತು.

ಮಕ್ಕಳು ಬೇಗ ಕಲಿತರು, ಮೇಷ್ಟರದೇ ಕಷ್ಟ. ಒಂದು ಸಂಜೆ ಮನೆಗೆ ಬಂದರೆ ಹೆಂಡತಿ, ಈ ಊರಿಗೆ ವರ್ಗವಾಗಿ ಬಂದಾಗಿನಿಂದ ತನಗೆ ಹೊತ್ತೇ ಹೋಗುವುದಿಲ್ಲ ಎಂದಳು. ಹೊನ್ನಾಳಿಗೆ ಹೋಗಿ ಹೊಲಿಗೆ ಕಲಿ, ಜಗಳೂರಿನ ತವರಿಗೆ ಹೋಗಿ ನಾಲ್ಕು ದಿನ ಇದ್ದು ಬಾ, ಎಲ್ಲ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡೆ. ಕಾಲು ಅದರ ಪಾಡಿಗೆ ಅದು ಕುಣಿಯುತ್ತಿತ್ತು, ಕೈಯಿಂದ ಅದುಮಿ ಹಿಡಿದೆ.

"ಮುಗೀತಾ?" ಎಂದೆ.

ಅವಳು ನನ್ನನ್ನು ಒಂದು ಥರ ನೋಡಿದಳು. ಒಲೆ ಆರಿಸಿ ಬಂದು ಎದುರಿಗೆ ಕೂತಳು.

"ಇಲ್ಲ ರೀ. ಇನ್ನೂ ಐತೆ."